ಜಾರಿದ ಗರ್ಭಕೋಶ ಮತ್ತು ಇಳಿವಯಸ್ಸಿನ ಶಸ್ತ್ರಚಿಕಿತ್ಸೆ

ಭತ್ತದ ನಾಟಿ, ಮೆಕ್ಕೆಜೋಳದ ಕಟಾವು, ಹುಲ್ಲಿನ ಹೊರೆಗಳಲ್ಲೇ ಆಯುಷ್ಯ ಸವೆಸಿದ ಶಿಕಾರಿಪುರ, ಸೊರಬ ಸೀಮೆಯ ವೃದ್ಧೆಯರು ಹೆತ್ತ ಮಗಳಿಗೂ ಹೇಳಿಕೊಳ್ಳಲು ನಾಚುವ ಕಾಯಿಲೆಗಳಲ್ಲಿ ಗರ್ಭಕೋಶ ಜಾರುವುದೂ ಒಂದು. ಗರ್ಭಕೋಶ, ಮೂತ್ರಕೋಶ, ಗುದನಾಳಗಳನ್ನು ಕೆಳಗಿನಿಂದ ಎತ್ತಿಹಿಡಿಯುವ ಸ್ನಾಯುಗಳೂ ಕಟ್ಟುಗಳೂ ಹಲವು ಹೆರಿಗೆಗಳಿಂದ ಸಡಿಲವಾಗಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಅವು ಇನ್ನಷ್ಟು ಬಲಗುಂದುತ್ತವೆ. ಹೊರೆ ಹೊರುವುದು, ಬಿಡದ ಕೆಮ್ಮು, ಮಲಬದ್ಧತೆಗಳ ಒತ್ತಡವೂ ಸೇರಿದಾಗ ಈ ಅಂಗಗಳು ಯೋನಿಯೊಳಕ್ಕೆ ಇಳಿಯುತ್ತವೆ. ಕಾಯಿಲೆ ಬಲಿತಾಗ ಗರ್ಭಕೋಶ ಪೂರ್ತಿ ಹೊರಬಂದು, ಬಟ್ಟೆಗೆ ಉಜ್ಜಿ ಹುಣ್ಣಾಗುವುದುಂಟು; ಅದನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡರೆ ಮಾತ್ರ ಮೂತ್ರ ಹೋಗುವ ಸ್ಥಿತಿಯೂ ಬರುತ್ತದೆ.

ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಯೋನಿಯಲ್ಲಿಟ್ಟು ಅಂಗಗಳಿಗೆ ಆಸರೆ ಕೊಡುವ ಪೆಸರಿ ಎಂಬ ಸಿಲಿಕೋನ್ ಬಳೆ ಇದೆ. ಶಸ್ತ್ರಚಿಕಿತ್ಸೆಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ಗರ್ಭಕೋಶವನ್ನು ತೆಗೆದು, ಸಡಿಲವಾದ ಗೋಡೆಗಳನ್ನು ಬಿಗಿದು ಹೊಲಿಯುವ ವಿಧಾನ. ಗರ್ಭಕೋಶ ತೆಗೆದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ. ಯೋನಿಯ ಮೇಲ್ತುದಿಯನ್ನು ಗಟ್ಟಿಯಾದ ಕಟ್ಟಿಗೆ ಬಿಗಿಯದಿದ್ದರೆ ಅದೇ ಮತ್ತೆ ಜಾರಬಹುದು. ಯೋನಿಯ ಮೂಲಕ ಕೃತಕ ಜಾಲರಿ ಅಳವಡಿಸುವ ಕ್ರಮ ಒಂದು ಕಾಲಕ್ಕೆ ಚಾಲ್ತಿಗೆ ಬಂದಿತ್ತಾದರೂ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಅಂಥ ಜಾಲರಿಗಳ ಮಾರಾಟವನ್ನು ನಿಲ್ಲಿಸಿತು.

ಹೃದ್ರೋಗವೋ ದಮ್ಮೋ ಇರುವ ಎಂಬತ್ತರ ಆಸುಪಾಸಿನವರಿಗೆ ದೀರ್ಘ ಶಸ್ತ್ರಚಿಕಿತ್ಸೆ ಅಪಾಯಕರವೆಂಬುದು ನಿಜ. ಆದರೆ ‘ವಯಸ್ಸಾಯಿತು, ಇನ್ನೇನು’ ಎಂದು ಕೈಚೆಲ್ಲುವುದು ತಪ್ಪು. ಫ್ರಾನ್ಸಿನ ಲೆಯಾನ್ ಲೆಫೋರ್ 1877ರಲ್ಲಿ ವಿವರಿಸಿದ ವಿಧಾನ ಇಂಥವರಿಗೇ ಹೊಂದುತ್ತದೆ. ಇದರಲ್ಲಿ ಗರ್ಭಕೋಶವನ್ನು ತೆಗೆಯುವುದಿಲ್ಲ. ಯೋನಿಯ ಮುಂಗೋಡೆ, ಹಿಂಗೋಡೆಗಳಿಂದ ಆಯತಾಕಾರದ ಒಂದೊಂದು ಪಟ್ಟಿ ಒಳಪದರವನ್ನು ಬಿಡಿಸಿ, ಎರಡು ಹಸಿ ಮೈಗಳನ್ನು ಸಾಲುಸಾಲಾಗಿ ಹೊಲಿಯುತ್ತ ಹೋದಂತೆ ಗರ್ಭಕೋಶ ಮೇಲಕ್ಕೆ ಸರಿಯುತ್ತದೆ, ಸ್ರಾವ ಹೊರಹೋಗಲು ಎರಡೂ ಪಕ್ಕಗಳಲ್ಲಿ ಕಿರುದಾರಿ ಉಳಿಯುತ್ತದೆ. ಬೆನ್ನಿಗೆ ಅರಿವಳಿಕೆ ಕೊಟ್ಟರೆ ಸಾಕು, ರಕ್ತಸ್ರಾವವೂ ಕಡಿಮೆ. ಆದರೆ ಮುಂದೆ ಲೈಂಗಿಕ ಸಂಪರ್ಕ ಸಾಧ್ಯವಾಗದು. ಆದ್ದರಿಂದ ಒಪ್ಪಿಗೆ ಮಗನದೋ ಸೊಸೆಯದೋ ಆಗಿರದೆ, ಏಕಾಂತದಲ್ಲಿ ಎಲ್ಲವನ್ನೂ ತಿಳಿಸಿದ ಮೇಲೆ ಆಕೆಯೇ ಕೊಟ್ಟದ್ದಾಗಿರಬೇಕು. ಒಳಗೇ ಉಳಿಯುವ ಗರ್ಭಕೋಶವನ್ನು ಆಮೇಲೆ ಪರೀಕ್ಷಿಸುವುದು ಕಷ್ಟವಾದ್ದರಿಂದ ಕ್ಯಾನ್ಸರಿನ ಸುಳಿವಿಲ್ಲವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಶಿಕಾರಿಪುರ, ಸೊರಬ ಎರಡೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಮನೆಗೆ ಮರಳಿದ ಮೇಲೆ ಕನಿಷ್ಠ ಆರು ವಾರ ತುಂಬಿದ ಕೊಡವನ್ನಾಗಲಿ ಹೊರೆಯನ್ನಾಗಲಿ ಎತ್ತಕೂಡದು. ಕೆಮ್ಮಿಗೂ ಮಲಬದ್ಧತೆಗೂ ಜೊತೆಯಲ್ಲೇ ಮದ್ದು ಮಾಡಬೇಕು, ಏಕೆಂದರೆ ಮೊದಲು ಕಟ್ಟುಗಳನ್ನು ಸಡಿಲಿಸಿದ ಒತ್ತಡವೇ ಹೊಸ ಹೊಲಿಗೆಯನ್ನೂ ಸಡಿಲಿಸಬಲ್ಲದು.