ಪ್ರೀ-ಮೆಡ್ ಎಂಬ ಇಲ್ಲದ ಪದವಿ

ಅಮೆರಿಕದಲ್ಲಿ ಡಾಕ್ಟರಾಗಬೇಕಾದರೆ ಮೊದಲು ಬೇರೇನನ್ನಾದರೂ ಓದಿ ಮುಗಿಸಬೇಕು. ಆ 'ಬೇರೇನು' ಯಾವುದು ಎಂಬ ಚರ್ಚೆ ಅಲ್ಲಿನ ಕನ್ನಡ ಮನೆಗಳಲ್ಲೂ ನಡೆದಿದೆ.

ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಏನು ಓದುತ್ತಿದ್ದೀರಿ ಎಂದು ಕೇಳಿದರೆ 'ಪ್ರೀ-ಮೆಡ್' ಎಂಬ ಉತ್ತರ ಧಾರಾಳವಾಗಿ ಸಿಗುತ್ತದೆ. ಆದರೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಪದವಿಯೇ ಇಲ್ಲ. ಮುಂದೆ ವೈದ್ಯಕೀಯ ಓದುವ ಉದ್ದೇಶ ಇಟ್ಟುಕೊಂಡವರೆಲ್ಲ ಪ್ರೀ-ಮೆಡ್‌ಗಳೇ. ಅವರ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಜೀವಶಾಸ್ತ್ರ ಇರಬಹುದು, ಇತಿಹಾಸ ಇರಬಹುದು, ಸಂಗೀತವೂ ಇರಬಹುದು. ನಾಲ್ಕು ವರ್ಷದ ಪದವಿಯ ಜತೆಯಲ್ಲೇ ವೈದ್ಯಕೀಯ ಕಾಲೇಜುಗಳು ಬಯಸುವ ವಿಜ್ಞಾನದ ಕೋರ್ಸುಗಳನ್ನು ಮುಗಿಸಿ, ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಇನ್ನೂ ನಾಲ್ಕು ವರ್ಷದ ಎಂ.ಡಿ.ಗೆ ಅರ್ಜಿ ಹಾಕಬೇಕು. ಅದಾದ ಮೇಲೆ ರೆಸಿಡೆನ್ಸಿ ತರಬೇತಿ.

ಕರ್ನಾಟಕದಲ್ಲಿ ಬೆಳೆದವರಿಗೆ ಈ ಸುತ್ತುದಾರಿ ಸುಲಭಕ್ಕೆ ಅರ್ಥವಾಗುವುದಿಲ್ಲ. ಇಲ್ಲಿ ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡು, ನೀಟ್‌ನ 720 ಅಂಕಗಳಲ್ಲಿ ಎಷ್ಟು ಬಂತು ಎಂಬುದರ ಮೇಲೆ ಹದಿನೆಂಟರ ಹೊತ್ತಿಗೆ ಮೆಡಿಕಲ್ ಸೀಟಿನ ವಿಚಾರ ತೀರ್ಮಾನವಾಗಿರುತ್ತದೆ. ಆ ಸೀಟು ತಪ್ಪಿ ಎಂಜಿನಿಯರಿಂಗಿಗೆ ಹೋಗಿ, ಅದೇ ದಾರಿಯಲ್ಲಿ ನ್ಯೂಜೆರ್ಸಿಗೋ ಟೆಕ್ಸಸ್‌ಗೋ ಬಂದು ನೆಲೆಸಿದ ತಂದೆತಾಯಿ ಮಕ್ಕಳ ಸರದಿ ಬಂದಾಗ ಕೇಳುವುದು ಒಂದೇ: ಯಾವ ಮೇಜರ್ ತಗೊಂಡ್ರೆ ಮೆಡಿಕಲ್ ಗ್ಯಾರಂಟಿ? ಯಾವುದೂ ಅಲ್ಲ ಎಂಬುದು ಚಿಕ್ಕ ಉತ್ತರ. ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು ಎಂಬುದು ದೊಡ್ಡ ಉತ್ತರ.

ದಾನಿ ಹಾಕಿದ ಷರತ್ತು

ವೈದ್ಯಕೀಯಕ್ಕೆ ಮೊದಲು ಒಂದು ಪದವಿ ಇರಲೇಬೇಕು ಎಂಬ ಕಟ್ಟಳೆಯ ಹಿಂದೆ ಒಬ್ಬ ಹೆಣ್ಣುಮಗಳ ಹಟವಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವೈದ್ಯಕೀಯ ಶಾಲೆ ತೆರೆಯಲು ಹಣ ಸಾಲದೆ ಕೂತಿದ್ದಾಗ ರೈಲ್ವೆ ಉದ್ಯಮಿಯೊಬ್ಬರ ಮಗಳು ಮೇರಿ ಎಲಿಜಬೆತ್ ಗ್ಯಾರೆಟ್ 3 ಲಕ್ಷ ಡಾಲರಿಗೂ ಹೆಚ್ಚು ಮೊತ್ತ ಕೊಡಲು ಮುಂದೆ ಬಂದರು. ಜತೆಗೆ ಷರತ್ತುಗಳೂ ಬಂದವು. ಹೆಂಗಸರನ್ನು ಗಂಡಸರಷ್ಟೇ ಸಮನಾಗಿ ಸೇರಿಸಿಕೊಳ್ಳಬೇಕು. ಸೇರುವವರಿಗೆ ಮೊದಲೇ ಪದವಿ ಇರಬೇಕು, ವಿಜ್ಞಾನದ ತಳಪಾಯ ಇರಬೇಕು, ಫ್ರೆಂಚ್ ಮತ್ತು ಜರ್ಮನ್ ಓದಲು ಬರಬೇಕು. ಆ ಶಾಲೆ 1893ರಲ್ಲಿ ತೆರೆಯಿತು.

ಹಾಪ್ಕಿನ್ಸ್‌ನ ಈ ಮಾದರಿಯನ್ನು ದೇಶಕ್ಕೆಲ್ಲ ಅಳತೆಗೋಲು ಮಾಡಿದವರು ಅಬ್ರಹಾಂ ಫ್ಲೆಕ್ಸ್‌ನರ್. ಅವರು ವೈದ್ಯರಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು. ಕಾರ್ನೆಗೀ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿ 1910ರಲ್ಲಿ ವರದಿ ಕೊಟ್ಟರು. ಫೀಸು ಕಟ್ಟಿದವರಿಗೆಲ್ಲ ಬಾಗಿಲು ತೆರೆಯುವ ಶಾಲೆಗಳೇ ಆಗ ತುಂಬಿದ್ದವು. ವರದಿಯ ನಂತರ ಅಂಥವು ಒಂದೊಂದಾಗಿ ಮುಚ್ಚಿದವು, ಕಾಲೇಜು ಓದು ಕಡ್ಡಾಯವಾಗುತ್ತ ಹೋಯಿತು. ಮಟ್ಟ ಏರಿತು, ಬೆಲೆಯನ್ನೂ ತೆರಬೇಕಾಯಿತು: ಕಪ್ಪು ಜನರಿಗಾಗಿ ಇದ್ದ ವೈದ್ಯಕೀಯ ಶಾಲೆಗಳಲ್ಲಿ ಹೊವಾರ್ಡ್ ಮತ್ತು ಮೆಹಾರಿ ಎರಡೇ ಉಳಿದವು.

ಹಾಗಾಗಿ ಈ ನಾಲ್ಕು ವರ್ಷಗಳಿಗೆ ಹುಟ್ಟಿನಿಂದಲೇ ಎರಡು ಕೆಲಸ. ವೈದ್ಯನಾಗುವವನನ್ನು ಓದು, ಭಾಷೆ, ಲೋಕಜ್ಞಾನಗಳಲ್ಲಿ ಬೆಳೆಸುವುದು ಒಂದು. ಬರುವವರನ್ನು ಜರಡಿ ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದು ನುಂಗುತ್ತಿದೆ ಎಂದು ವೈದ್ಯ-ಲೇಖಕ ಲೂಯಿಸ್ ಥಾಮಸ್ 1978ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸಿಡಿದಿದ್ದರು. ತಾನು ಪ್ರೀ-ಮೆಡ್ ಎಂದು ಹೇಳಿಕೊಳ್ಳುವವರ ಅರ್ಜಿಯನ್ನು ಕೊನೆಯ ಕಟ್ಟಿಗೆ ಸೇರಿಸಿ ಎಂಬುದು ಅವರ ಅರೆತಮಾಷೆಯ ಸಲಹೆ.

ಅಂಕಿ ಏನನ್ನುತ್ತದೆ

ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಪ್ರತಿ ವರ್ಷ ಲೆಕ್ಕ ಬಿಡುಗಡೆ ಮಾಡುತ್ತದೆ. 2024ರಲ್ಲಿ ಎಂ.ಡಿ. ಶಾಲೆಗಳಿಗೆ ಅರ್ಜಿ ಹಾಕಿದವರು ಸುಮಾರು 52 ಸಾವಿರ, ಸೇರಿದವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ 4ಕ್ಕೆ 3.7 ದಾಟಿದೆ. 472ರಿಂದ 528ರವರೆಗಿನ ಅಳತೆಯ ಎಂಕ್ಯಾಟ್‌ನಲ್ಲಿ ಅವರ ಸರಾಸರಿ 511ರ ಮೇಲಿದೆ. ಡಿ.ಓ. ಪದವಿ ಕೊಡುವ ಆಸ್ಟಿಯೋಪಥಿಕ್ ಶಾಲೆಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಓದಿದವರೂ ಎಂ.ಡಿ.ಗಳಂತೆಯೇ ಪೂರ್ಣ ವೈದ್ಯರು.

ಅರ್ಜಿದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೇಜರ್ ಜೀವವಿಜ್ಞಾನ. ಆದರೆ ಸೀಟು ಸಿಗುವ ಪ್ರಮಾಣ ನೋಡಿದರೆ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಓದಿದವರು ಜೀವವಿಜ್ಞಾನದವರಿಗಿಂತ ಹಿಂದೆ ಬಿದ್ದಿಲ್ಲ, ಕೆಲವು ವರ್ಷ ಒಂದು ಹೆಜ್ಜೆ ಮುಂದೆಯೇ ಇದ್ದಾರೆ. ಇದನ್ನು ಹಿಡಿದುಕೊಂಡು ಮಗಳನ್ನು ತತ್ತ್ವಶಾಸ್ತ್ರಕ್ಕೆ ತಳ್ಳುವುದೂ ಎಡವಟ್ಟೇ. ತತ್ತ್ವಶಾಸ್ತ್ರ ಓದುತ್ತಲೇ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನೂ ಮುಗಿಸಿ ಅರ್ಜಿ ಹಾಕುವ ಮಟ್ಟಕ್ಕೆ ಬರುವವರು ಮೊದಲೇ ಗಟ್ಟಿಗರು. ಮೇಜರ್ ಅವರನ್ನು ದಾಟಿಸಿತು ಎನ್ನುವುದಕ್ಕಿಂತ ಅಡ್ಡಬರಲಿಲ್ಲ ಎನ್ನುವುದು ಸರಿ.

ಮೇಜರ್ ಅಡ್ಡಬರುತ್ತದೆಯೇ ಎಂದು ನೋಡಲು ಸಿಗುವ ಒಂದು ಪ್ರಯೋಗವೂ ನಡೆದಿದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆ 1987ರಿಂದ ಮಾನವಿಕ ವಿಷಯ ಓದುವ ಕೆಲವರಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಎಂಕ್ಯಾಟ್ ಮೂರರಿಂದಲೂ ವಿನಾಯಿತಿ ಕೊಟ್ಟು ಸೇರಿಸಿಕೊಂಡಿತು. ಅವರನ್ನು ಸಹಪಾಠಿಗಳ ಜತೆ ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯಕೀಯ ಓದಿನ ಒಟ್ಟು ಸಾಧನೆ ಹೆಚ್ಚುಕಡಿಮೆ ಸಮನಾಗಿತ್ತು.

ಎಂಕ್ಯಾಟ್ ಕೂಡ 2015ರಲ್ಲಿ ಬದಲಾಯಿತು. ಈಗಿನ ನಾಲ್ಕು ಭಾಗಗಳಲ್ಲಿ ಒಂದು ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಮೀಸಲು. ಇನ್ನೊಂದರಲ್ಲಿ ವಿಜ್ಞಾನದ ಸುಳಿವೇ ಇಲ್ಲ, ಕಠಿಣ ಗದ್ಯವನ್ನು ಓದಿ ತರ್ಕ ಬಿಡಿಸಬೇಕು. ಆ ಭಾಗ ಕೊನೆಯ ಮೂರು ತಿಂಗಳ ಕೋಚಿಂಗಿಗೆ ಸುಲಭವಾಗಿ ಬಗ್ಗುವುದಿಲ್ಲ.

ಇಬ್ಬರ ದಾರಿ ನೋಡಿ. ಹೆರಾಲ್ಡ್ ವಾರ್ಮಸ್ ಆಮ್ಹರ್ಸ್ಟ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಹಾರ್ವರ್ಡಿನಲ್ಲಿ ಅದರಲ್ಲೇ ಎಂ.ಎ. ಮಾಡಿದವರು. ಹಾರ್ವರ್ಡಿನ ವೈದ್ಯಕೀಯ ಶಾಲೆ ಅವರನ್ನು ಎರಡು ಸಲ ಬೇಡವೆಂದಿತು. ಕೊಲಂಬಿಯಾದಲ್ಲಿ ವೈದ್ಯರಾದ ಅವರಿಗೆ ಕ್ಯಾನ್ಸರ್ ವಂಶವಾಹಿಗಳ ಸಂಶೋಧನೆಗಾಗಿ 1989ರ ನೊಬೆಲ್ ಬಂತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಹಾರ್ವರ್ಡಿನಲ್ಲಿ ಓದಿದ್ದು ಬಯೋಕೆಮಿಸ್ಟ್ರಿ. ಯೇಲ್‌ನಲ್ಲಿ ಎಂ.ಡಿ. ಜತೆಗೆ ಎಂಬಿಎ ಮಾಡಿ, ಎರಡು ಅವಧಿಗೆ ಅಮೆರಿಕದ ಸರ್ಜನ್ ಜನರಲ್ ಆದರು. ಒಬ್ಬರದು ಬಳಸುದಾರಿ, ಇನ್ನೊಬ್ಬರದು ನೇರ. ಎರಡೂ ತಲುಪಿವೆ.

ಜಿಪಿಎ ಎಂಬ ಹೆದರಿಕೆ

ಮೇಜರ್ ಯಾವುದಾದರೂ ಆಗಲಿ, ದಿನನಿತ್ಯದ ಹೆದರಿಕೆ ಜಿಪಿಎಯದು. ಅರ್ಜಿಯಲ್ಲಿ ಒಟ್ಟು ಜಿಪಿಎ ಜತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಸೇರಿದ ವಿಜ್ಞಾನದ ಜಿಪಿಎ ಬೇರೆಯೇ ಕಾಣುತ್ತದೆ. ಒಂದು ಕೋರ್ಸಿನಲ್ಲಿ ಎಡವಿ ಮತ್ತೆ ಮಾಡಿದರೆ ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿ ಎಷ್ಟೋ ಜನರ ಡಾಕ್ಟರ್ ಕನಸು ಮುಗಿಯುವ ಜಾಗ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆ ಕೋರ್ಸ್ ವಿಪರೀತ ಕಷ್ಟವೆಂದು 350 ವಿದ್ಯಾರ್ಥಿಗಳಲ್ಲಿ 82 ಮಂದಿ ದೂರಿಗೆ ಸಹಿ ಹಾಕಿದರು. ಪಠ್ಯಪುಸ್ತಕ ಬರೆದಿದ್ದ ಹಿರಿಯ ಪ್ರಾಧ್ಯಾಪಕ ಮೇಟ್‌ಲ್ಯಾಂಡ್ ಜೋನ್ಸ್ ಅವರ ಗುತ್ತಿಗೆಯೇ ಕೊನೆಗೊಂಡಿತು. ಮಕ್ಕಳು ಸೋಮಾರಿಗಳೋ ಪಾಠ ಕಠೋರವೋ ಎಂದು ದೇಶವೆಲ್ಲ ಜಗಳವಾಡಿತು.

ನಮ್ಮ ಎಂಜಿನಿಯರ್ ತಂದೆತಾಯಿ ಬಯೋಮೆಡಿಕಲ್ ಎಂಜಿನಿಯರಿಂಗ್ ಕಡೆ ವಾಲುವುದು ಇಲ್ಲಿಯೇ. ಮೆಡಿಕಲ್ ಸಿಗದಿದ್ದರೆ ಕೆಲಸವಾದರೂ ಸಿಗಲಿ ಎಂಬ ಲೆಕ್ಕ ತಪ್ಪಲ್ಲ. ಆದರೆ ಆ ಪದವಿಯ ಕೋರ್ಸುಗಳ ಹೊರೆಯಲ್ಲಿ 3.8ರ ಹುಡುಗ 3.4ಕ್ಕೆ ಇಳಿದರೆ ಎಂಜಿನಿಯರಿಂಗ್ ಕಷ್ಟವೆಂದು ವೈದ್ಯಕೀಯ ಶಾಲೆ ಕೊಡುವ ರಿಯಾಯಿತಿ ಅಲ್ಪ. ಆಸ್ಪತ್ರೆಯಲ್ಲಿ ಸೇವೆ, ವೈದ್ಯರ ಜತೆ ಓಡಾಟ, ಪ್ರಯೋಗಾಲಯದ ಕೆಲಸ ಇವಕ್ಕೂ ಹೊತ್ತು ಬೇಕು. ಆ ಹೊತ್ತು ಸಾಲದೆಯೇ ಈಗ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದೆರಡು ವರ್ಷ ಬಿಟ್ಟು ಬರುತ್ತಿದ್ದಾರೆ.

ನೇರ ಬಾಗಿಲು, ದುಡ್ಡಿನ ಬಾಗಿಲು

ಹೈಸ್ಕೂಲಿನಿಂದಲೇ ಎಂ.ಡಿ.ವರೆಗೆ ಸೀಟು ಕಾಯ್ದಿರಿಸುವ ಜೋಡಿ ಪದವಿಗಳೂ ಇವೆ. ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಆರು ವರ್ಷ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂಟು. ನಮ್ಮ ಊರಿನ ಎಂಬಿಬಿಎಸ್‌ಗೆ ಹತ್ತಿರ ಎನಿಸುವುದರಿಂದ ಭಾರತೀಯ ಕುಟುಂಬಗಳಿಗೆ ಇವುಗಳ ಮೇಲೆ ಬಲು ಆಸೆ. ಸೀಟುಗಳು ಬೆರಳೆಣಿಕೆ, ಪೈಪೋಟಿ ಬೆಟ್ಟದಷ್ಟು. ಬ್ರೌನ್‌ನಲ್ಲಂತೂ ಸೇರಿದ ಮೇಲೆ ಯಾವ ಮೇಜರ್ ಬೇಕಾದರೂ ಓದಬಹುದು. ಅಂದರೆ ಗ್ಯಾರಂಟಿ ಸಿಕ್ಕವರ ಮುಂದೆಯೂ ಅದೇ ಪ್ರಶ್ನೆ ನಿಂತಿರುತ್ತದೆ.

ದುಡ್ಡಿನ ಲೆಕ್ಕ ಈಗ ಇನ್ನೂ ಬಿಗಿ. ಸಾಲ ಮಾಡಿ ಓದಿದ ಎಂ.ಡಿ.ಗಳ ತಲೆಯ ಮೇಲೆ ಸಾಮಾನ್ಯವಾಗಿ 2 ಲಕ್ಷ ಡಾಲರಿನಷ್ಟು ಹೊರೆ ಇರುತ್ತದೆ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ಸೀಮಿತ. ಮೊದಲ ನಾಲ್ಕು ವರ್ಷಕ್ಕೇ ಹೆಸರಾಂತ ಖಾಸಗಿ ಕಾಲೇಜಿಗೆ ಉಳಿತಾಯವೆಲ್ಲ ಸುರಿದರೆ ಮುಂದಿನ ನಾಲ್ಕಕ್ಕೆ ಖಾಸಗಿ ಸಾಲದ ಬಡ್ಡಿಯೇ ಗತಿ. ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೇ ಎಷ್ಟೋ ಮನೆಗಳಿಗೆ ಜಾಣ ಆಯ್ಕೆ. ಸರ್ಕಾರಿ ವೈದ್ಯಕೀಯ ಶಾಲೆಗಳು ಸಾಮಾನ್ಯವಾಗಿ ತಮ್ಮ ರಾಜ್ಯದ ನಿವಾಸಿಗಳಿಗೇ ಒಲವು ತೋರುವುದರಿಂದ ವಾಸದ ವಿಳಾಸಕ್ಕೂ ತೂಕವಿದೆ.

ಬೆಂಗಳೂರಿನಿಂದಲೇ ಮಗನನ್ನು ಪ್ರೀ-ಮೆಡ್‌ಗೆ ಕಳಿಸಬೇಕೆಂದಿರುವವರು ಇದಕ್ಕೂ ಮೊದಲು ತಿಳಿಯಬೇಕಾದದ್ದು: ವಿದ್ಯಾರ್ಥಿ ವೀಸಾದಲ್ಲಿರುವವರ ಅರ್ಜಿಯನ್ನು ಅಲ್ಲಿನ ಬಹುಪಾಲು ವೈದ್ಯಕೀಯ ಶಾಲೆಗಳು ಪರಿಗಣಿಸುವುದೇ ಇಲ್ಲ. ಪರಿಗಣಿಸುವ ಕೆಲವು ಶಾಲೆಗಳು ಒಂದು ವರ್ಷದ್ದೋ ನಾಲ್ಕೂ ವರ್ಷದ್ದೋ ಖರ್ಚನ್ನು ಮುಂಗಡವಾಗಿ ತೋರಿಸಿ ಎನ್ನುತ್ತವೆ. ಅವರ ಮಟ್ಟಿಗೆ ಮೇಜರ್ ಯಾವುದೆಂಬುದು ಆಮೇಲಿನ ಮಾತು.

ಉಳಿದವರ ಕಥೆ

ಅರ್ಜಿ ಹಾಕಿದ 52 ಸಾವಿರದಲ್ಲಿ 29 ಸಾವಿರ ಮಂದಿ ಆ ವರ್ಷ ಸೇರಲಿಲ್ಲ. ಅರ್ಜಿಯ ಹಂತಕ್ಕೂ ಬಾರದೆ ನಡುವೆಯೇ ಹಾದಿ ಬದಲಿಸಿದವರು ಈ ಲೆಕ್ಕದಲ್ಲಿಲ್ಲ. ಅವರೆಲ್ಲರ ಕೈಯಲ್ಲಿ ಉಳಿಯುವುದು ಆ ಮೊದಲ ಪದವಿಯೊಂದೇ. ಹಾಗಿದ್ದ ಮೇಲೆ ಯಾವ ಮೇಜರ್ ಸೀಟು ಕೊಡಿಸುತ್ತದೆ ಎಂದು ಕೇಳುವ ಬದಲು, ಸೀಟು ಸಿಗದಿದ್ದರೂ ಯಾವುದನ್ನು ಓದಿದ್ದಕ್ಕೆ ಬೇಸರವಾಗದು ಎಂದು ಕೇಳುವುದು ವಿವೇಕ. ಮನಸ್ಸಿಟ್ಟು ಓದುವ ವಿಷಯದಲ್ಲೇ ಗ್ರೇಡ್ ಬರುವ ಸಾಧ್ಯತೆಯೂ ಹೆಚ್ಚಾದ್ದರಿಂದ ಸೀಟಿನ ಲೆಕ್ಕಕ್ಕೂ ಅದು ನಷ್ಟವಲ್ಲ.

ಬಹಳಷ್ಟು ಕಾಲೇಜುಗಳಿಗೆ ಒಪ್ಪಿಗೆ ತಿಳಿಸುವ ಕೊನೆಯ ದಿನ ಮೇ 1. ಅದಕ್ಕೂ ಮೊದಲು ಕ್ಯಾಂಪಸ್ ನೋಡಲು ಹೋದಾಗ 'ನಮ್ಮ ಅರ್ಜಿದಾರರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಮೆಡಿಕಲ್ ಸಿಕ್ಕಿದೆ' ಎಂಬಂಥ ಮಾತು ಕಿವಿಗೆ ಬಿದ್ದೀತು. ಅದನ್ನು ಹಾಗೆಯೇ ನಂಬಬಾರದು: ಕೆಲವು ಕಾಲೇಜುಗಳಲ್ಲಿ ವೈದ್ಯಕೀಯ ಅರ್ಜಿಯ ಜತೆ ಹೋಗುವ ಕಾಲೇಜು ಸಮಿತಿಯ ಶಿಫಾರಸು ಪತ್ರ ಸಿಗುವುದು ಗೆಲ್ಲುವವರಂತೆ ಕಂಡವರಿಗೆ ಮಾತ್ರ. ಉಳಿದವರು ಅರ್ಜಿ ಹಾಕದೆ ಹಿಂದೆ ಸರಿದರೆ ಪ್ರಮಾಣ ತಾನಾಗಿ ಏರುತ್ತದೆ. ಮೊದಲ ವರ್ಷ ಪ್ರೀ-ಮೆಡ್ ಎಂದು ಬಂದವರೆಷ್ಟು, ಅರ್ಜಿ ಹಾಕಿದವರೆಷ್ಟು, ಹಾಕದವರು ಈಗ ಏನು ಮಾಡುತ್ತಿದ್ದಾರೆ ಎಂದು ತಂದೆತಾಯಿ ಅಲ್ಲೇ ಕೇಳಬೇಕು. ಈ ಮೂರಕ್ಕೂ ಅಂಕಿ ಸಮೇತ ಉತ್ತರ ಕೊಡುವ ಕಾಲೇಜಿನಲ್ಲಿ ಮಗಳು ಭಾಷಾವಿಜ್ಞಾನ ಓದುತ್ತೇನೆ ಎಂದರೂ ಧೈರ್ಯವಾಗಿ ಫೀಸು ಕಟ್ಟಬಹುದು.