ಕೊರೆಯುವ ಚಳಿಯಲ್ಲಿ ಗಾಲಿ ಮೇಲಿನ ಮನೆ

ಟ್ರೇಲರ್ ಅಂದರೆ ನಮಗೆ ಗೊತ್ತಿರೋದು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರ್. ಆದರೆ ಅಮೆರಿಕದಲ್ಲಿ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಗೂ ಟ್ರೇಲರ್ ಅಂತಾರೆ. ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಕಕ್ಕಸು ಎಲ್ಲಾ ಇರುತ್ತವೆ. ರಜೆಯಲ್ಲಿ ಊರು ಸುತ್ತೋಕೆ ಅಂತ ಮಾಡಿದ್ದು. ಅದಕ್ಕೇ ಗೋಡೆ ತೆಳ್ಳಗೆ.

ಆದರೆ ದುಡಿಯಲು ಹೋದವರು ಚಳಿಗಾಲದಲ್ಲೂ ಅದರಲ್ಲೇ ಇರಬೇಕಾಗುತ್ತದೆ. ಉತ್ತರ ಡಕೋಟ ರಾಜ್ಯದ ವಿಲಿಸ್ಟನ್ ಊರಿನ ಸುತ್ತ 2010ರ ಸುಮಾರಿಗೆ ಎಣ್ಣೆ ಬಾವಿಗಳ ಕೆಲಸ ಜೋರಾಯಿತು. ಸಾವಿರಾರು ಜನ ಬಂದರು, ಮನೆಗಳು ಸಾಲಲಿಲ್ಲ. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಪಕ್ಕ ಗುಡಿಸಲು ಹಾಕಿಕೊಳ್ಳುವ ಹಾಗೆ, ಎಷ್ಟೋ ಜನ ಟ್ರೇಲರಿನಲ್ಲೇ ಉಳಿದರು. ಅಲ್ಲಿ ಕೆಲವು ರಾತ್ರಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಐಸ್ ಇಡುವ ಜಾಗದಲ್ಲೂ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ ಅಷ್ಟೇ!

ಹಾಗಾದರೆ ಅವರು ಹೇಗೆ ಇರುತ್ತಾರೆ?

ಮೊದಲನೆಯದು ನೀರು. ನೀರು ಮಂಜುಗಡ್ಡೆ ಆದಾಗ ಹಿಗ್ಗುತ್ತದೆ ಅಂತ ವಿಜ್ಞಾನದಲ್ಲಿ ಓದಿದ್ದೇವೆ. 100 ಲೀಟರ್ ನೀರು ಸುಮಾರು 109 ಲೀಟರಿನಷ್ಟು ಜಾಗ ಹಿಡಿಯುತ್ತದೆ. ಆಗ ಪೈಪು ಒಡೆದುಹೋಗುತ್ತದೆ. ಅದಕ್ಕೆ ಪೈಪಿಗೆ ಕರೆಂಟಿನಿಂದ ಬಿಸಿಯಾಗುವ ಪಟ್ಟಿ ಸುತ್ತುತ್ತಾರೆ. ಬಚ್ಚಲ ನೀರನ್ನು ಹನಿಹನಿಯಾಗಿ ಹೊರಗೆ ಬಿಡುವುದಿಲ್ಲ, ಬಿಟ್ಟರೆ ಪೈಪಿನಲ್ಲೇ ಗಡ್ಡೆ ಕಟ್ಟುತ್ತದೆ. ಟ್ಯಾಂಕಿನಲ್ಲಿ ತುಂಬಿಸಿ ಒಂದೇ ಸಲ ಬಿಡುತ್ತಾರೆ.

ಎರಡನೆಯದು ಗಾಳಿ. ಗಾಲಿಗಳ ನಡುವೆ ನುಗ್ಗುವ ಗಾಳಿ ನೆಲವನ್ನೇ ತಣ್ಣಗೆ ಮಾಡುತ್ತದೆ. ಅದಕ್ಕೆ ಸುತ್ತಲೂ ಹಲಗೆ, ಥರ್ಮೋಕೋಲ್ ಹಾಳೆ ಅಥವಾ ಹುಲ್ಲಿನ ಪೆಂಡಿ ಇಟ್ಟು ಮುಚ್ಚುತ್ತಾರೆ.

ಮೂರನೆಯದು ಗ್ಯಾಸು. ನಮ್ಮ ಅಡುಗೆ ಸಿಲಿಂಡರಿನಲ್ಲಿ ಬ್ಯುಟೇನ್, ಪ್ರೋಪೇನ್ ಎರಡೂ ಇರುತ್ತವೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಗ್ಯಾಸ್ ಆಗದೆ ದ್ರವವಾಗಿ ಉಳಿದುಬಿಡುತ್ತದೆ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಗ್ಯಾಸ್ ಆಗುತ್ತದೆ. ಆದ್ದರಿಂದ ಅಲ್ಲಿ ಪ್ರೋಪೇನನ್ನೇ ಉರಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಚಳಿಯಲ್ಲ, ಚಳಿಗೆ ಹೆದರಿ ಎಲ್ಲಾ ಮುಚ್ಚುವುದು. ಮುಚ್ಚಿದ ಜಾಗದಲ್ಲಿ ಬೆಂಕಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ನೋಯುತ್ತದೆ, ತಲೆ ಸುತ್ತುತ್ತದೆ, ಮಲಗಿದವರು ಏಳುವುದೇ ಇಲ್ಲ. ಅದಕ್ಕೇ ಟ್ರೇಲರಿನಲ್ಲಿ ಆ ಗಾಳಿ ಬಂದರೆ ಕೂಗುವ ಗಂಟೆ ಇಟ್ಟಿರುತ್ತಾರೆ. ಎಷ್ಟೇ ಚಳಿಯಿದ್ದರೂ ಕಿಟಕಿ ಸ್ವಲ್ಪ ತೆರೆದಿಡುತ್ತಾರೆ. ಉಸಿರಿನ, ಅಡುಗೆಯ ಹಬೆಯೂ ಅಲ್ಲಿಂದ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಗೋಡೆ, ಹಾಸಿಗೆ ಒದ್ದೆಯಾಗುತ್ತವೆ.

ಇದನ್ನು ಬರೆಯುವಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನಮ್ಮಕ್ಕ ಬಾಣಂತಿ. ಅಜ್ಜಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು, ಕಿಟಕಿ ಎಲ್ಲಾ ಹಾಕಿಬಿಡುತ್ತಿದ್ದರು. ಕೆಂಡದಿಂದಲೂ ಅದೇ ವಿಷಗಾಳಿ ಬರುತ್ತದೆ. ನಾನು ಹೇಳಿದ್ದಕ್ಕೆ "ನಾನು ಐದು ಹೆತ್ತೀನಿ, ನೀನು ಹೇಳ್ಕೊಡ್ತೀಯಾ?" ಅಂತ ಬೈದರು. ಆದರೆ ರಾತ್ರಿ ನೋಡಿದರೆ ಅಗ್ಗಿಷ್ಟಿಕೆ ಹೊರಗಿತ್ತು, ಕಿಟಕಿಯೂ ಒಂದಿಷ್ಟು ತೆರೆದಿತ್ತು.

ನೀವೂ ನಿಮ್ಮ ಮನೆಯಲ್ಲಿ ಹೇಳಿ.

– 7ನೇ ತರಗತಿ ವಿದ್ಯಾರ್ಥಿನಿ