ಕಡಲು ದಾಟಿದ ರೊಕ್ಕ ಕೌಂಟರ್ ಮುಂದೆ ನಿಂತಾಗ

ಬಳ್ಳಾರಿಗೆ ಡಾಲರ್ ಹೊಸತೇನಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆ ಸೀಮೆಯ ಅದಿರು ಚೀನಾದ ಹಡಗು ಏರುತ್ತಿದ್ದಾಗ ‘ಎಲ್‌ಸಿ ಬಂತಾ’, ‘ಸ್ವಿಫ್ಟ್ ಆಯ್ತಾ’ ಎಂಬ ಮಾತು ಊರಿನ ವ್ಯವಹಾರದ ಭಾಷೆಯೇ ಆಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಬಾಗಿಲು ತೆರೆದದ್ದು 2022ರ ಮೇ ತಿಂಗಳಲ್ಲಿ. ಕೋಟಿಗಳ ಆ ವ್ಯವಹಾರದ ಹಿಂದೆ ಆಡಿಟರ್ ಇದ್ದರು, ಬ್ಯಾಂಕಿನ ಹಿರಿಯ ಅಧಿಕಾರಿಯ ಫೋನ್ ನಂಬರ್ ಇತ್ತು, ಡಾಲರಿಗೆ ಐದು ಪೈಸೆ ಹೆಚ್ಚು ಕೇಳುವ ಜೋರೂ ಇತ್ತು.

ಇಲ್ಲಿ ಹೇಳಹೊರಟದ್ದು ಇನ್ನೊಂದು ಬಗೆಯ ರೊಕ್ಕದ ವಿಚಾರ. ದುಬೈಯಲ್ಲಿರುವ ಮಗ ಸಿರುಗುಪ್ಪದ ತಾಯಿಗೆ ತಿಂಗಳಾ ಕಳಿಸುವುದು, ಅಮೆರಿಕದಲ್ಲಿ ಕೆಲಸದಲ್ಲಿರುವ ಮಗಳು ಕುರುಗೋಡಿನ ಅಪ್ಪನ ಆಪರೇಷನ್ನಿಗೆ ಕಳಿಸುವುದು, ಬಳ್ಳಾರಿಯ ತಂದೆ ವಿದೇಶದಲ್ಲಿ ಓದುವ ಮಗನ ಫೀಸು ಕಟ್ಟುವುದು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಭಾರತಕ್ಕೆ ಬಂದ ಇಂಥ ಹಣದಲ್ಲಿ ಕರ್ನಾಟಕದ ಪಾಲು ಶೇ 7.7. ದೇಶಗಳ ಪೈಕಿ ಶೇ 27.7ರಷ್ಟು ಕಳಿಸಿದ ಅಮೆರಿಕ ಮೊದಲನೆಯದು, ಶೇ 19.2ರಷ್ಟು ಕಳಿಸಿದ ಯುಎಇ ಎರಡನೆಯದು. ಈ ಮನೆಗಳಿಗೆ ಆಡಿಟರ್ ಇಲ್ಲ. ಅವರ ಪ್ರಶ್ನೆ ಎರಡೇ: ಎಷ್ಟು ದಿನ? ಎಷ್ಟು ಕಟ್ ಆಗುತ್ತೆ?

ಮೊದಲನೆಯದಕ್ಕೆ ಸಿಗುವ ರೂಢಿಯ ಉತ್ತರ ‘ಮೂರರಿಂದ ಐದು ದಿನ’. ಹಣ ಸಮುದ್ರ ದಾಟಿ ಬರಬೇಕಲ್ಲ, ತಡ ಆಗುವುದೇ ಸರಿ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಒಪ್ಪಬೇಕಾಗಿಲ್ಲ. ಸಮುದ್ರ ದಾಟಲು ಈಗ ಬೇಕಿರುವುದು ನಿಮಿಷಗಳು ಮಾತ್ರ.

ಬೆಲ್ಜಿಯಂನಲ್ಲಿ 1973ರಲ್ಲಿ ಹುಟ್ಟಿ, 1977ರಲ್ಲಿ ಕೆಲಸ ಶುರು ಮಾಡಿದ ಸ್ವಿಫ್ಟ್ ಹಣ ಸಾಗಿಸುವ ಸಂಸ್ಥೆಯಲ್ಲ. ಅದು ಸಾಗಿಸುವುದು ಸಂದೇಶವನ್ನು. ಹಿಂದೆ ಸಾಹುಕಾರರು ಹುಂಡಿ ಬರೆದುಕೊಟ್ಟಾಗ ಚೀಟಿ ಮಾತ್ರ ಊರಿಂದೂರಿಗೆ ಹೋಗಿ, ರೊಕ್ಕವನ್ನು ಅಲ್ಲಿನ ಸಾಹುಕಾರ ತನ್ನ ಪೆಟ್ಟಿಗೆಯಿಂದ ಎಣಿಸಿ ಕೊಡುತ್ತಿದ್ದನಲ್ಲ, ಹಾಗೆ. ನಮ್ಮ ಬ್ಯಾಂಕುಗಳು ನ್ಯೂಯಾರ್ಕ್, ಲಂಡನ್ನಿನ ದೊಡ್ಡ ಬ್ಯಾಂಕುಗಳಲ್ಲಿ ಖಾತೆ ಇಟ್ಟಿರುತ್ತವೆ. ಅದಕ್ಕೆ ನಾಸ್ಟ್ರೋ ಖಾತೆ ಎನ್ನುತ್ತಾರೆ. ಮಗಳು ಕಳಿಸಿದ ಡಾಲರ್ ಆ ಖಾತೆಗೆ ಜಮೆಯಾಗಿ ಅಲ್ಲೇ ಉಳಿಯುತ್ತದೆ. ಇಲ್ಲಿ ಅಪ್ಪನಿಗೆ ಸಿಗುವುದು ಇಲ್ಲಿನ ಬ್ಯಾಂಕಿನ ರೂಪಾಯಿ. ಕಳಿಸುವ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನೇರ ಸಂಬಂಧ ಇಲ್ಲದಿದ್ದರೆ ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳು ಬರುತ್ತವೆ. ಒಬ್ಬೊಬ್ಬರೂ ತಮ್ಮ ಪಾಲು ಮುರಿದುಕೊಳ್ಳುತ್ತಾರೆ.

ಸ್ವಿಫ್ಟ್ 2017ರಲ್ಲಿ ಜಿಪಿಐ ಎಂಬ ವ್ಯವಸ್ಥೆ ತಂದ ಮೇಲೆ ಪ್ರತಿ ರವಾನೆಗೂ 36 ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇದೆ. ಅದರ ಹೆಸರು ಯುಇಟಿಆರ್. ಹಣ ಯಾವ ಬ್ಯಾಂಕಿನಲ್ಲಿ ಎಷ್ಟು ಹೊತ್ತು ಕೂತಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಸ್ವಿಸ್ ನಗರ ಬಾಸೆಲ್‌ನಲ್ಲಿರುವ ಅಂತರರಾಷ್ಟ್ರೀಯ ಪಾವತಿ ಬ್ಯಾಂಕಿನ ಸಮಿತಿಯೊಂದು ಈ ದಾಖಲೆಗಳನ್ನು ಜಾಲಾಡಿ 2022ರಲ್ಲಿ ವರದಿ ಕೊಟ್ಟಿತು. ಅರ್ಧಕ್ಕೂ ಹೆಚ್ಚು ರವಾನೆಗಳು ಎರಡು ಗಂಟೆಯೊಳಗೆ ಮುಗಿಯುತ್ತವೆ. ತಡವಾಗುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ, ಅಂದರೆ ಹಣ ಪಡೆಯುವವರ ಬ್ಯಾಂಕಿನೊಳಗೆ. ವಿದೇಶಿ ವಿನಿಮಯದ ಕಟ್ಟುಪಾಡುಗಳು, ತಪಾಸಣೆ, ಕಚೇರಿಯ ಸೀಮಿತ ವೇಳೆ ಇದಕ್ಕೆ ಕಾರಣಗಳು. ದಕ್ಷಿಣ ಏಷ್ಯಾ ನಿಧಾನದ ಪ್ರದೇಶಗಳ ಸಾಲಿನಲ್ಲಿದೆ.

ಕುರುಗೋಡು, ಸಿರುಗುಪ್ಪದಂಥ ಊರಿನಲ್ಲಿ ಇದರ ಅರ್ಥವೇನು? ವಿದೇಶಿ ವಿನಿಮಯ ನಡೆಸುವ ಅಧಿಕಾರ ಎಲ್ಲ ಶಾಖೆಗಳಿಗೂ ಇರುವುದಿಲ್ಲ. ಹೆಚ್ಚಿನ ಶಾಖೆಗಳಿಗೆ ತಮ್ಮದೇ ಸ್ವಿಫ್ಟ್ ಕೋಡ್ ಇಲ್ಲ. ಸಂದೇಶ ದೊಡ್ಡ ನಗರದ ಕೇಂದ್ರಕ್ಕೆ ಬಂದಿಳಿಯುತ್ತದೆ. ಅಲ್ಲಿ ಅದಕ್ಕೆ ‘ಉದ್ದೇಶ ಸಂಕೇತ’ ಹಚ್ಚಬೇಕು: ಮನೆ ಖರ್ಚಿಗೆ ಬಂದದ್ದಾದರೆ ಪಿ1301, ರಫ್ತಿನ ಮುಂಗಡವಾದರೆ ಪಿ0103. ಸಂದೇಶದಲ್ಲಿ ಉದ್ದೇಶ ಬರೆದಿಲ್ಲ ಎಂದರೆ ಶಾಖೆಗೆ ಮೇಲ್ ಹೋಗುತ್ತದೆ, ಶಾಖೆಯಿಂದ ಗ್ರಾಹಕರಿಗೆ ಫೋನ್ ಹೋಗಬೇಕು. ಹೋಗದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಇನ್ನೊಂದು ತೊಡಕು ಹೆಸರಿನದು. ನಮ್ಮ ಸೀಮೆಯಲ್ಲಿ ಹೆಸರಿನ ಮುಂದೆ ಊರಿನ, ಮನೆತನದ ಇನಿಷಿಯಲ್ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ‘ಕೆ. ಬಸವರಾಜ’, ಮಗಳು ಅಲ್ಲಿ ತುಂಬಿದ್ದು ‘ಬಸವರಾಜ್ ಕುರುಗೋಡು’. ಇಷ್ಟು ಸಾಕು, ಒಂದು ದಿನ ಹೋಯಿತು.

ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ 2025ರ ಮೇ 1ರಂದು ರಾಜ್ಯಕ್ಕೆಲ್ಲ ಒಂದೇ ಆದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಇದೆ. ಹಳ್ಳಿಯ ಬಹಳ ಮನೆಗಳ ಖಾತೆ ಇರುವುದು ಇಂಥ ಬ್ಯಾಂಕಿನಲ್ಲಿ. ಅಂಥವರು ವಿದೇಶದ ಹಣ ಯಾವ ಬ್ಯಾಂಕಿನ ಮೂಲಕ, ಯಾವ ಕೋಡಿನಿಂದ ತಮ್ಮ ಖಾತೆಗೆ ಬರುತ್ತದೆ ಎಂಬುದನ್ನು ಮೊದಲೇ ಬರೆಸಿಕೊಂಡು ಮಕ್ಕಳಿಗೆ ಕಳಿಸಿದರೆ ಅರ್ಧ ತಾಪತ್ರಯ ಕಡಿಮೆ.

ರಜೆಗಳ ಲೆಕ್ಕವೂ ಇದೆ. ಸೌದಿಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಅಲ್ಲಿ ಬ್ಯಾಂಕು ತೆರೆದರೆ ಇಲ್ಲಿ ರಜೆ, ಡಾಲರ್ ಹಾದುಹೋಗಬೇಕಾದ ನ್ಯೂಯಾರ್ಕಿನಲ್ಲೂ ರಜೆ. ಗುರುವಾರ ಸಂಜೆ ಬ್ಯಾಂಕಿನಿಂದ ಡಾಲರಿನಲ್ಲಿ ಕಳಿಸಿದ್ದು ಸೋಮವಾರ, ಮಂಗಳವಾರಕ್ಕೆ ಬಂದರೆ ಅದು ಯಾರ ತಪ್ಪೂ ಅಲ್ಲ.

ಇನ್ನು ಖರ್ಚು. ರವಾನೆಯ ಸ್ವಿಫ್ಟ್ ಸಂದೇಶದ ಒಂದು ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆದರೆ ಅದರಲ್ಲಿ ಕೆಲವು ಸಾಲುಗಳನ್ನು ನೋಡಬೇಕು. 33ಬಿ ಎಂಬುದು ಕಳಿಸಿದ ಮೊತ್ತ. 32ಎ ಎಂಬುದು ಬಂದು ಮುಟ್ಟಿದ ಮೊತ್ತ. 71ಎಫ್ ಎಂಬುದು ದಾರಿಯಲ್ಲಿ ಮುರಿದುಕೊಂಡದ್ದು. 71ಎ ಎಂಬಲ್ಲಿ ಶುಲ್ಕ ಯಾರದು ಎಂದು ಮೂರಕ್ಷರದಲ್ಲಿ ಬರೆದಿರುತ್ತದೆ: ‘ಅವರ್’ ಎಂದರೆ ಎಲ್ಲ ಕಳಿಸುವವರದು, ‘ಶಾ’ ಎಂದರೆ ಹಂಚಿಕೆ, ‘ಬೆನ್’ ಎಂದರೆ ಪಡೆಯುವವರದು. 2025ರ ನವೆಂಬರ್ 22ರಿಂದ ಬ್ಯಾಂಕುಗಳ ನಡುವಿನ ಸಂದೇಶ ಹೊಸ ನಮೂನೆಗೆ ಬದಲಾಗಿದೆ. ಸಾಲುಗಳ ಹೆಸರು ಬೇರೆಯಾದರೂ ವಿವರಗಳು ಅವೇ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಮಗಳು 1,000 ಡಾಲರ್ ಕಳಿಸಿದಳು. ಮಧ್ಯವರ್ತಿ ಬ್ಯಾಂಕುಗಳು 25 ಡಾಲರ್ ಮುರಿದವು, ಉಳಿದದ್ದು 975. ಅಂದಿನ ಮಾರುಕಟ್ಟೆ ದರ 88 ರೂಪಾಯಿ, ಬ್ಯಾಂಕು ಕೊಟ್ಟ ದರ 87. ಅಪ್ಪನ ಪಾಲಿಗೆ 84,825 ರೂಪಾಯಿ. ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಸುಮಾರು 153. ಒಟ್ಟು ಹೋದದ್ದು 3,328 ರೂಪಾಯಿ, ಶೇ 3.8ರಷ್ಟು. ಇದೇ ದರದಲ್ಲಿ 200 ಡಾಲರ್ ಕಳಿಸಿದ್ದರೆ ಆ 25 ಡಾಲರಿನ ಶುಲ್ಕವೇ ಶೇ 12.5 ತಿನ್ನುತ್ತಿತ್ತು. 5,000 ಕಳಿಸಿದ್ದರೆ ಶುಲ್ಕ ಶೇ ಅರ್ಧ ಮಾತ್ರ. ಆದರೆ ದರದಲ್ಲಿನ ಒಂದು ರೂಪಾಯಿ ಅಂತರ 4,975 ರೂಪಾಯಿ ಕರಗಿಸುತ್ತಿತ್ತು. ಸಣ್ಣ ಮೊತ್ತವನ್ನು ಶುಲ್ಕ ಕಚ್ಚುತ್ತದೆ, ದೊಡ್ಡ ಮೊತ್ತವನ್ನು ದರ ಕಚ್ಚುತ್ತದೆ. ‘ಜೀರೋ ಕಮಿಷನ್’ ಎಂದು ಬೋರ್ಡು ಹಾಕಿದವರ ಬಳಿ ಕೇಳಬೇಕಾದದ್ದು ಕಮಿಷನ್ ಬಗ್ಗೆ ಅಲ್ಲ, ಇವತ್ತಿನ ದರ ಎಷ್ಟು ಎಂದು. ಅದನ್ನು ಮೊದಲೇ ಹೇಳುವುದು ಉಪಕಾರವಲ್ಲ, ಬ್ಯಾಂಕಿನ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ವಿಶ್ವಬ್ಯಾಂಕಿನ ಲೆಕ್ಕದಲ್ಲಿ 200 ಡಾಲರ್ ಕಳಿಸುವ ಜಾಗತಿಕ ಸರಾಸರಿ ಖರ್ಚು ಶೇ 6ಕ್ಕಿಂತ ಮೇಲಿದೆ. 2030ರೊಳಗೆ ಅದನ್ನು ಶೇ 3ಕ್ಕಿಂತ ಕೆಳಗಿಳಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಅಮೆರಿಕ 2026ರ ಜನವರಿಯಿಂದ ಹಾಕಿರುವ ಶೇ 1ರ ತೆರಿಗೆ ಬಗ್ಗೆ ಬಹಳ ಮನೆಗಳಲ್ಲಿ ಆತಂಕವಿತ್ತು. ಅದು ನಗದು ಕಟ್ಟಿ ಕಳಿಸುವವರಿಗೆ, ಬ್ಯಾಂಕ್ ಖಾತೆಯಿಂದ ಕಳಿಸುವವರಿಗಲ್ಲ.

ಕೊಲ್ಲಿ ದೇಶಗಳಿಂದ ಬರುವ ಹಣದ ದಾರಿ ಬೇರೆ, ಒಳ್ಳೆಯದೂ ಹೌದು. ಅಲ್ಲಿನ ಎಕ್ಸ್‌ಚೇಂಜ್ ಹೌಸ್‌ಗಳು ರಿಸರ್ವ್ ಬ್ಯಾಂಕಿನ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಅಡಿಯಲ್ಲಿ ನಮ್ಮ ಬ್ಯಾಂಕುಗಳಲ್ಲೇ ರೂಪಾಯಿ ಖಾತೆ ಇಟ್ಟಿರುತ್ತವೆ. ದಿರಹಂ ಕಟ್ಟಿಸಿಕೊಂಡು ದರವನ್ನು ಅಲ್ಲೇ ನಿಗದಿ ಮಾಡಿ, ರೂಪಾಯಿಯನ್ನು ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ಸಿರುಗುಪ್ಪದ ಖಾತೆಗೆ ಹಾಕಿಸುತ್ತವೆ. ಬಹುಪಾಲು ಅದೇ ದಿನ ಮುಟ್ಟುತ್ತದೆ, ಎಷ್ಟು ರೂಪಾಯಿ ಎಂಬುದು ಕಟ್ಟುವಾಗಲೇ ಗೊತ್ತು. ಇಷ್ಟು ಸಲೀಸಿನ ದಾರಿ ಇರುವಾಗಲೂ ‘ಹವಾಲಾ ಬೇಗ’ ಎಂಬ ಮಾತು ಕೇಳಿದರೆ ಸಂಕಟವಾಗುತ್ತದೆ. ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಉಲ್ಲಂಘನೆ, ಕೈಕೊಟ್ಟರೆ ದೂರು ಹೇಳಲು ಜಾಗವೇ ಇಲ್ಲ.

ಇಲ್ಲಿಂದ ಹೊರಗೆ ಕಳಿಸುವ ತಂದೆಯ ಪಾಡು ಬೇರೆ. 2004ರಲ್ಲಿ 25,000 ಡಾಲರಿಗೆ ಶುರುವಾದ ಉದಾರೀಕೃತ ರವಾನೆ ಯೋಜನೆಯ ಮಿತಿ ಈಗ ವರ್ಷಕ್ಕೆ 2,50,000 ಡಾಲರ್. ಪ್ಯಾನ್ ಬೇಕು, ಎ2 ಫಾರಂ ಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮೂಲದಲ್ಲೇ ತೆರಿಗೆ ವಸೂಲಿಯಾಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಅದಿಲ್ಲ, ಕೈಯಿಂದ ಕಟ್ಟಿದವರು ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು. ಫೀಸಿಗೆ ಮಾತ್ರ ‘ಅವರ್’ ಎಂದೇ ಬರೆಸಬೇಕು. ದಾರಿಯಲ್ಲಿ 20 ಡಾಲರ್ ಮುರಿದರೂ ಅಲ್ಲಿನ ಕಾಲೇಜಿನ ಲೆಕ್ಕದಲ್ಲಿ ಮಗ ಬಾಕಿದಾರ. 

ಸಿರುಗುಪ್ಪದ ಅಕ್ಕಿ ಗಿರಣಿಯವರಾಗಲಿ, ಬಳ್ಳಾರಿಯ ಜೀನ್ಸ್ ಘಟಕದವರಾಗಲಿ ಸ್ವಂತ ಹೆಸರಿನಲ್ಲಿ ರಫ್ತಿಗೆ ಇಳಿದರೆ ಬಂದ ಪ್ರತಿ ಡಾಲರನ್ನೂ ಶಿಪ್ಪಿಂಗ್ ಬಿಲ್ಲಿಗೆ ಜೋಡಿಸಿ ಬ್ಯಾಂಕಿನಿಂದ ಪ್ರಮಾಣಪತ್ರ ಪಡೆಯಬೇಕು. 2023ರ ಜುಲೈ 20ರಂದು ಬಿಳಿ ಅಕ್ಕಿ ರಫ್ತು ನಿಂತು, 2024ರ ಸೆಪ್ಟೆಂಬರ್ ಕೊನೆಗೆ ಮತ್ತೆ ತೆರೆಯಿತು. ನೀತಿಯ ಈ ಅನಿಶ್ಚಯದ ಮೇಲೆ ಬ್ಯಾಂಕಿನ ವಿಳಂಬವೂ ಸೇರಿದರೆ ಸಣ್ಣ ವ್ಯಾಪಾರಿ ಹೇಗೆ ತಡೆದಾನು?

ರಿಸರ್ವ್ ಬ್ಯಾಂಕಿಗೆ ಕೊನೆಯ ಹಂತದ ಈ ಕಾಯಿಲೆ ಗೊತ್ತಿದೆ. ಸಂದೇಶ ಬಂದ ಕೂಡಲೇ ಗ್ರಾಹಕರಿಗೆ ತಿಳಿಸಬೇಕು, ನಾಸ್ಟ್ರೋ ಖಾತೆಯನ್ನು ದಿನದ ಕೊನೆಯವರೆಗೆ ಕಾಯದೆ ಆಗಾಗ ತಾಳೆ ನೋಡಬೇಕು, ಮಾರುಕಟ್ಟೆ ವೇಳೆಯಲ್ಲಿ ಬಂದದ್ದನ್ನು ಅದೇ ದಿನ ಜಮೆ ಮಾಡಬೇಕು ಎಂಬ ಕರಡನ್ನು ಅದು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಕಾಸು ಬೇಡ.

ಹೊಸ ದಾರಿಗಳೂ ತೆರೆಯುತ್ತಿವೆ. 2023ರ ಫೆಬ್ರುವರಿ 21ರಿಂದ ಸಿಂಗಪುರದ ಪೇನೌ ಮತ್ತು ನಮ್ಮ ಯುಪಿಐ ಜೋಡಣೆಯಾಗಿ, ಕೆಲವು ಬ್ಯಾಂಕುಗಳ ಗ್ರಾಹಕರ ನಡುವೆ ಮೊಬೈಲ್ ನಂಬರಿಗೇ ಹಣ ಬರುತ್ತಿದೆ. ಯುಎಇ ಜೊತೆ ಇಂಥದೇ ಒಪ್ಪಂದಕ್ಕೆ 2023ರ ಜುಲೈನಲ್ಲಿ ಸಹಿ ಬಿದ್ದಿದೆ. ಅದು ಸಿಂಗಪುರದ ಜೋಡಣೆಯಂತೆ ಕೈಗೆ ಸಿಗುವವರೆಗೆ ದುಬೈಯ ಮಗನಿಗೆ ಎಕ್ಸ್‌ಚೇಂಜ್ ಹೌಸೇ ಹತ್ತಿರದ ದಾರಿ. ಅಮೆರಿಕದ ಮಗಳು ಮಾತ್ರ ಎರಡು ಮೂರು ಕಡೆ ದರ ಕೇಳಿ, ಅಪ್ಪನ ಹೆಸರನ್ನು ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೇ ಬರೆದು, ಉದ್ದೇಶದ ಕಡೆ ‘ಮನೆ ಖರ್ಚು’ ಎಂದು ತುಂಬಿ, ಯುಇಟಿಆರ್ ಸಂಖ್ಯೆಯನ್ನು ಆ ದಿನವೇ ಮನೆಗೆ ವಾಟ್ಸ್‌ಆ್ಯಪ್ ಮಾಡಬೇಕು.